ಎಸೆದರೆ ತಾನೇ ಬೀಳುವುದು

ಮೊನ್ನೆ ಮೊಮ್ಮಗನಿಗೆ ಶೂ ಕೊಳ್ಳಲು ರಾಮನಗರದ ಸ್ಪೋರ್ಟ್ಸ್ ಸಾಮಾನಿನ ಅಂಗಡಿಗೆ ಹೋಗಿದ್ದೆವು. ಬಾಗಿಲಲ್ಲೇ ಬಲೆಯಲ್ಲಿ ತೂಗುಹಾಕಿದ್ದ ಬ್ಯಾಸ್ಕೆಟ್‌ಬಾಲ್‌ಗಳ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಒಂದನ್ನು ಇಳಿಸಿಕೊಂಡು ಮೂಸಿ ನೋಡಿದೆ. ನಮ್ಮ ಯಜಮಾನರು, "ಅದೇನು ಕರಬೂಜದ ಹಣ್ಣೇನೆ?" ಎಂದರು. ಅಂಗಡಿಯಲ್ಲಿ ನಿಂತು ಅವರಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ನಿಮಗಾದರೂ ಹೇಳುತ್ತೇನೆ.

ನಾನು ಚನ್ನಪಟ್ಟಣದಲ್ಲಿ ಹೈಸ್ಕೂಲು ಓದುತ್ತಿದ್ದಾಗ ನನ್ನಲ್ಲಿ ಎದ್ದು ಕಾಣುವಂಥದ್ದು ಒಂದೇ ಇತ್ತು, ಎತ್ತರ. ಅಟ್ಟದ ಮೇಲಿನ ಡಬ್ಬ ಇಳಿಸಲು, ಮದುವೆಮನೆಯಲ್ಲಿ ತೋರಣ ಕಟ್ಟಲು ನನಗೇ ಕರೆ. ಇವಳಿಗೆ ಗಂಡು ಹುಡುಕುವುದು ಹೇಗೆಂದು ಅಜ್ಜಿ ಆಗಲೇ ಚಿಂತೆಗೆ ಬಿದ್ದಿದ್ದಳು. ಆ ಎತ್ತರ ನೋಡಿ ಖುಷಿಪಟ್ಟವರು ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿಯವರೊಬ್ಬರೇ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡರು.

ಸೇರಿಸಿಕೊಂಡ ಮೇಲೆ ಅವರಿಗೆ ಗೊತ್ತಾಯಿತು, ಈ ಹುಡುಗಿ ಚೆಂಡನ್ನು ಎಸೆಯುವವಳಲ್ಲ, ಸಾಗಹಾಕುವವಳು ಎಂದು. ಕೈಗೆ ಬಂದ ಕೂಡಲೇ ಶಕುಂತಲೆಗೆ ಕೊಟ್ಟುಬಿಡುತ್ತಿದ್ದೆ. ಶಕುಂತಲೆ ನಮ್ಮ ನಾಯಕಿ. ಚೆಂಡು ಅವಳು ಹೇಳಿದ ಮಾತು ಕೇಳುತ್ತಿತ್ತು. ಹಾಗಿರುವಾಗ ನಾನೇಕೆ ಎಸೆದು ನಗೆಪಾಟಲಾಗಲಿ? ನಮ್ಮ ಮನೆಯ ಪದ್ಧತಿಯೇ ಹಾಗೆ. ಹಬ್ಬದ ದಿನ ಕೊನೆಯ ಒಬ್ಬಟ್ಟು 'ನೀನು ತಿನ್ನು, ನೀನು ತಿನ್ನು' ಎಂದು ತಟ್ಟೆಯಿಂದ ತಟ್ಟೆಗೆ ತಿರುಗಿ, ಯಾರ ಬಾಯಿಗೂ ಹೋಗದೆ ಹಳಸುತ್ತಿತ್ತು.

ಒಂದು ಸಂಜೆ ಮೇಷ್ಟ್ರು ಸೀಟಿ ಊದಿ ಆಟ ನಿಲ್ಲಿಸಿದರು.

"ಏನವ್ವ, ಅದು ಚೆಂಡಾ ಕೆಂಡಾ? ಕೈಗೆ ಬಂದೇಟ್ಗೆ ಬಿಸಾಕ್ತೀಯಲ್ಲ!"

"ಶಕುಂತಲಾ ಚೆನ್ನಾಗಿ ಹಾಕ್ತಾಳೆ ಸಾ."

"ಅದು ಪಂದ್ಯಕ್ಕೆ ಬರೋ ಕನಕಪುರದವ್ರಿಗೂ ಗೊತ್ತು. ಇಬ್ರು ಬಂದು ಅವ್ಳನ್ನ ಅಡ್ಡಗಟ್ಟುದ್ರೆ ನಾವು ಭಜನೆ ಮಾಡ್ಬೇಕಾ? ಇವತ್ತಿಂದ ಎಲ್ರೂ ಬಾಲು ಇವ್ಳಿಗೇ ಕೊಡಿ. ನೀನು ಯಾರ್ಗೂ ಕೊಡ್ಬ್ಯಾಡ, ಬುಟ್ಟಿಗೆ ಎಸಿ."

"ಬೀಳ್ದೆ ಹೋದ್ರೆ ಸಾ?"

"ಎಸುದ್ರೆ ತಾನೆ ಬೀಳಾದು!"

ಎಸೆದೆ. ಬುಟ್ಟಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬಿತ್ತು. ಕಾಂಪೌಂಡಿನಾಚೆ ಕೆಂಪಮ್ಮನವರ ಅಂಗಳದಲ್ಲಿ ಒಣಹಾಕಿದ್ದ ಹುರುಳಿಯ ಮೇಲೆ ಬಿತ್ತು, ಕೋಳಿಗಳ ನಡುವೆ ಬಿತ್ತು, ಒಮ್ಮೆ ಅವರ ಗಂಡನ ಕೈಯಲ್ಲಿದ್ದ ಕಾಫಿ ಲೋಟದ ಮೇಲೂ ಬಿತ್ತು. ಕೆಂಪಮ್ಮ ಚೆಂಡನ್ನು ಕೊಡುವುದಿಲ್ಲವೆಂಬಂತೆ ಸೊಂಟಕ್ಕಿಟ್ಟುಕೊಂಡು ಗೇಟಿಗೆ ಬಂದರು.

"ಮೇಷ್ಟ್ರೇ, ಈ ಹುಡ್ಗಿಗೆ ನಮ್ಮನೆನೇ ಬುಟ್ಟಿ ಅಂತ ತೋರ್ಸ್ಕೊಟ್ಟಿದ್ದೀರಾ?"

"ಕಲೀತಾವ್ಳೆ ಕಣವ್ವ, ಒಸಿ ತಡ್ಕಳಿ," ಎಂದ ಮೇಷ್ಟ್ರು ಚೆಂಡು ಇಸಿದುಕೊಂಡು, ಅವರೆದುರೇ ಮತ್ತೆ ನನ್ನ ಕೈಗೆ ಕೊಟ್ಟರು. ಕೆಂಪಮ್ಮ ಓಡಿಹೋಗಿ ಹುರುಳಿ ಎತ್ತಿಟ್ಟರು.

ಶಕುಂತಲೆ ಮುಖ ಊದಿಸಿಕೊಂಡಳು. "ಇವ್ಳು ಎಸ್ದೂ ಎಸ್ದೂ ನಾವು ಸೋತೋಯ್ತೀವಿ ಸಾ" ಎಂದು ದೂರಿದಳು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಎಷ್ಟು ವಾರ ಕಳೆಯಿತೋ. ಒಂದು ದಿನ ನಾನೆಸೆದ ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ತಗಲಿ, ಕಬ್ಬಿಣದ ಬಳೆಯ ಸುತ್ತ ತಿರುಗಿ, ಒಂದು ಗಳಿಗೆ ಯೋಚಿಸಿ ಒಳಗೆ ಬಿತ್ತು. ಯಾರು ಎಸೆದರೆಂದು ನಾನೇ ಹಿಂದೆ ತಿರುಗಿ ನೋಡಿದೆ. ಅಲ್ಲಿಂದ ಮುಂದೆ ಆಗಾಗ ಬೀಳತೊಡಗಿತು.

ಕನಕಪುರದವರ ಮೇಲಿನ ಪಂದ್ಯ ಬಂತು. ಮೇಷ್ಟ್ರು ಹೇಳಿದಂತೆಯೇ ಇಬ್ಬರು ಹುಡುಗಿಯರು ಶಕುಂತಲೆಗೆ ಅಂಟಿಕೊಂಡರು. ಚೆಂಡು ನನಗೆ ಬಂತು. ಎಸೆದೆ, ಹಲಗೆಗೂ ತಾಗಲಿಲ್ಲ. "ಏ ತೆಂಗಿನ್ಮರ, ಕಾಯಿ ಉದುರ್ಸಮ್ಮಿ!" ಎಂದು ಜನ ನಕ್ಕರು. ಓಡಿಹೋಗಿ ಕೆಂಪಮ್ಮನವರ ಅಂಗಳದಲ್ಲೇ ಅವಿತುಕೊಳ್ಳೋಣವೆನ್ನಿಸಿತು. ಮೇಷ್ಟ್ರು ಮಾತ್ರ ಏನೂ ಆಗಿಲ್ಲವೆಂಬಂತೆ, "ಇನ್ನೊಂದು ಎಸಿ" ಎಂದರು. ಎಸೆದೆ, ಬಿತ್ತು. ಮತ್ತೊಂದೂ ಬಿತ್ತು. ಆಮೇಲೆ ಕನಕಪುರದವರಿಗೆ ತೆಂಗಿನಮರದ ಭಯ ಹಿಡಿಯಿತು.

ಆಟ ಮುಗಿಯುವ ಹೊತ್ತು. ನಾವು ಒಂದೇ ಪಾಯಿಂಟು ಹಿಂದೆ. ಚೆಂಡು ನನ್ನ ಕೈಯಲ್ಲಿ, ಸುತ್ತ ಮೂವರು ಕೈ ಎತ್ತಿ ನಿಂತಿದ್ದಾರೆ. ಅವರ ತಲೆಗಳಾಚೆ ನೋಡಿದರೆ ಬುಟ್ಟಿಯ ಕೆಳಗೆ ಶಕುಂತಲೆ ಒಬ್ಬಳೇ, ಕೇಳುವವರಿಲ್ಲದ ನೆಂಟರ ಹಾಗೆ. ಮೇಷ್ಟ್ರು "ಎಸಿಯವ್ವಾ!" ಎಂದು ಅರಚಿದರು. ನಾನು ಶಕುಂತಲೆಗೆ ಕೊಟ್ಟೆ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಶಕುಂತಲೆ ಹಾಕಿದಳು. ಸೀಟಿ ಬಿತ್ತು. ಒಂದು ಪಾಯಿಂಟಿನಿಂದ ಗೆದ್ದಿದ್ದೆವು. ನನ್ನ ಭುಜಕ್ಕೂ ಬರದ ಅವಳು ಓಡಿಬಂದು ನನ್ನ ಸೊಂಟ ತಬ್ಬಿ ಎತ್ತಲು ಹೋಗಿ, ಇಬ್ಬರೂ ಮಣ್ಣಿಗೆ ಬಿದ್ದೆವು.

ಬೈಗುಳಕ್ಕೆ ಸಿದ್ಧಳಾಗಿಯೇ ಎದ್ದೆ. "ಕೊಡ್ಬ್ಯಾಡ ಅಂದಿದ್ರಿ ಸಾ, ಕೊಟ್ಬುಟ್ಟೆ."

ಮೇಷ್ಟ್ರು ಉರುಳಿಹೋಗಿದ್ದ ಚೆಂಡನ್ನು ಎತ್ತಿಕೊಂಡರು. "ಆವಾಗ ಹೆದ್ರಿ ಕೊಡ್ತಿದ್ದೆ. ಇವತ್ತು ನೋಡಿ ಕೊಟ್ಟೆ. ಎರಡೂ ಒಂದೇ ಅಲ್ಲ ಕಣವ್ವ," ಎಂದರು. ನಾಲ್ಕು ಹೆಜ್ಜೆ ಹೋದವರು ತಡೆಯಲಾರದೆ ತಿರುಗಿ, "ಆದ್ರೂ ನೀನೇ ಎಸ್ದಿದ್ರೂ ಬಿದ್ದಿರಾದು!" ಎಂದರು.

ಇದನ್ನೆಲ್ಲ ನೆನೆಯುತ್ತ ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು, "ಸಾರು ನಾನು ಮಾಡ್ಲಾ?" ಎಂದರು. ರಿಟೈರಾದಾಗಿನಿಂದ ದಿನಾ ಕೇಳುತ್ತಾರೆ. ಒಮ್ಮೆ ಒಗ್ಗರಣೆ ಸೀಯಿಸಿದ್ದಾರೆಂದು ನಾನು ದಿನಾ ಬೇಡವೆನ್ನುತ್ತೇನೆ. ಇವತ್ತು ಸೌಟು ಅವರ ಕೈಗಿಟ್ಟು ಹೊರಗೆ ಬಂದು ಕೂತೆ. ಒಳಗೆ ಏನೋ ಬಿತ್ತು. ಮೆಣಸಿನಕಾಯಿ ಘಾಟು ಬಂತು. ಎರಡು ಸಲ ಎದ್ದು, ಎರಡು ಸಲವೂ ಕೂತೆ.

ಊಟಕ್ಕೆ ಬಡಿಸಿ, ನನ್ನ ಬಾಯನ್ನೇ ನೋಡುತ್ತ, "ಹೇಗಿದೆ?" ಎಂದರು.

"ಉಪ್ಪು ಒಸಿ ಜಾಸ್ತಿಯಾಯ್ತು," ಎಂದೆ. "ರಾತ್ರಿಗೂ ನೀವೇ ಮಾಡಿ."

ಅವರು ಊಟದ ನಡುವೆಯೇ ಎದ್ದುಹೋಗಿ ಬೇಳೆ ನೆನೆಹಾಕಿ ಬಂದರು.