ನಲವತ್ತೊಂದು ಹಾಳೆಯ ಗಂಟೆಹೂವು

ಗಿಡಗಳ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗೋಂದಿನಕ್ಕ ಎಂದೇ. ಬೆಟ್ಟದಿಂದ ಬಂದ ಹೂಗಿಡಗಳನ್ನು ರದ್ದಿ ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಸ್ಥಳ, ತಾರೀಖಿನ ಚೀಟಿ ಬರೆದು ಬೀರುವಿಗೆ ಸೇರಿಸುವುದು ಅವಳ ಕೆಲಸ. ಮನೆಗೆ ಹೋದರೂ ಉಗುರಿನ ಸಂದಿಯ ಗೋಂದು ಹೋಗುತ್ತಿರಲಿಲ್ಲ. "ಅತ್ತೆ ಹಿಡಿದಿದ್ದು ಬಿಡೋ ಪೈಕಿ ಅಲ್ಲ" ಎಂದು ಸೊಸೆ ಗೇಲಿ ಮಾಡುತ್ತಿದ್ದಳು.

ಗಂಟೆಹೂವಿನ ಒಂಬತ್ತು ಬಗೆ ಅವಳ ಕೈಯಿಂದ ಹಾಳೆ ಸೇರಿದ್ದವು. ಎಂಟು ಬಗೆ ಬೆಟ್ಟದ ತುಂಬ ಸಿಗುತ್ತಿದ್ದವು. ತಲೆ ತಗ್ಗಿಸಿ ತೂಗುವ ಮಸುಕು ನೀಲಿಯದು ಮಾತ್ರ ಹೆದ್ದಾರಿ ತಿರುವಿನ ಬಂಡೆಯ ಬಿರುಕು ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ವರ್ಷಕ್ಕೊಂದು ಹಾಳೆ ಇರಲೇಬೇಕೆಂಬುದು ಕಚೇರಿಯ ನಿಯಮ. ಪ್ರತಿ ಬೇಸಿಗೆ ಅವಳೇ ಏಣಿ ಹತ್ತಿ ಒಂದೇ ಒಂದು ಕಡ್ಡಿ ಕತ್ತರಿಸಿ ತರುತ್ತಿದ್ದಳು.

ರಸ್ತೆಯವರು ಆ ಬಂಡೆ ಕೆರೆದು ಸಿಮೆಂಟು ಬಳಿಯಲು ಹೊರಟಾಗ, ಅಲ್ಲಿನ ನೀಲಿ ಗಂಟೆಹೂವು ಅಪರೂಪದ್ದೇ ಎಂದು ಕೇಳಿ ಕಚೇರಿಗೆ ಕಾಗದ ಬಂತು. ದೊಡ್ಡ ಸಾಹೇಬರು ಕುರ್ಚಿ ಬಿಟ್ಟು ಏಳಲಿಲ್ಲ. ಬೀರುವಿನಲ್ಲಿದ್ದ ಆ ಹೂವಿನ ಹಾಳೆ ಎಣಿಸಲು ಜವಾನನಿಗೆ ಹೇಳಿದರು. ನಲವತ್ತೊಂದು! "ಯಥೇಚ್ಛವಾಗಿದೆ, ಅಡ್ಡಿಯಿಲ್ಲ" ಎಂದು ಬರೆದು ಸಹಿ ಹಾಕಿದರು. ಇಷ್ಟು ದೊಡ್ಡ ಓದು ಓದಿದವರಿಗೆ ಮೂಲೆಯ ಚೀಟಿ ಓದಲು ಪುರಸೊತ್ತಿರಲಿಲ್ಲ.

ವಿಷಯ ಕಿವಿಗೆ ಬಿದ್ದಾಗ ಗೋಂದಿನಕ್ಕನ ಮೈಯೆಲ್ಲ ಉರಿದುಹೋಯಿತು. ಅಷ್ಟೂ ಹಾಳೆ ಹೊತ್ತು ತಂದು ಸಾಹೇಬರ ಮೇಜಿನ ಮೇಲೆ ಹರಡಿದಳು.

"ಓದಿ ಸಾರ್. ಎಲ್ಲದ್ರಲ್ಲೂ ಅದೇ ತಿರುವು, ಅದೇ ಬಂಡೆ. ಗಿಡ ಎಣಿಸ್ತೀನಿ ಅಂತ ನನ್ನ ಸರ್ವೀಸಿನ ವರ್ಷ ಎಣಿಸಿಬಿಟ್ರಿ."

"ಮೊದ್ಲೇ ಹೇಳ್ಬಾರ್ದಿತ್ತೇನಮ್ಮಾ?"

"ಕೇಳಿದ್ರೆ ತಾನೇ ಹೇಳೋದು? ಈಗ್ಲಾದ್ರೂ ಒಂದು ಸಾಲು ಬರೀರಿ. ಇನ್ನೂ ಕೆಲ್ಸ ಶುರುವಾಗಿಲ್ಲ."

ಸಾಹೇಬರು ಕನ್ನಡಕ ಒರೆಸಿದರು. "ತಪ್ಪಾಯ್ತು ಅಂತ ಬರೆದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅವರ ಮರ್ಯಾದೆ ಉಳಿಯಿತು. ವಾರದೊಳಗೆ ಬಂಡೆಗೆ ಸಿಮೆಂಟು ಬಿತ್ತು.

ಮರುವರ್ಷ ಬೇಸಿಗೆಯಲ್ಲಿ ಅದೇ ಸಾಹೇಬರು ಪಟ್ಟಿ ಹಿಡಿದು ಅವಳ ಮೇಜಿಗೆ ಬಂದರು. "ಏನಮ್ಮಾ, ಆ ನೀಲಿ ಗಂಟೆಹೂವಿನ ಹಾಳೆ ಇನ್ನೂ ಬಂದಿಲ್ವಲ್ಲ?" ನಾಚಿಕೆ ಎಂಬುದೊಂದು ಇದ್ದರೆ ತಾನೇ!

ಗೋಂದಿನಕ್ಕ ಹೊಸ ಹಾಳೆ ತೆಗೆದಳು. ಅಂಟಿಸಲು ಏನೂ ಇರಲಿಲ್ಲ. ಮೂಲೆಗೆ ಚೀಟಿ ಮಾತ್ರ ಅಂಟಿಸಿ ಬರೆದಳು: ಸ್ಥಳ, ಹೆದ್ದಾರಿ ತಿರುವಿನ ಬಂಡೆ. ಗಿಡ, ಇಲ್ಲ. ಅದರ ಕೆಳಗೆ ಸಾಹೇಬರ ಪತ್ರದ ತಾರೀಖು.

"ಇಲ್ಲಿ ಸಹಿ ಹಾಕಿ ಸಾರ್" ಎಂದು ಪೆನ್ನು ಚಾಚಿದಳು.

ಸಾಹೇಬರು ಪೆನ್ನು ಮುಟ್ಟಲಿಲ್ಲ. ಅವಳು ಆ ಖಾಲಿ ಹಾಳೆಯನ್ನು ನಲವತ್ತೊಂದರ ಮೇಲಿಟ್ಟು ಬೀರು ಮುಚ್ಚಿದಳು.