ಬದಲಿಗೆ ಬಂದವಳು

ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ ಬಂದ ನನಗೆ ಸಿಕ್ಕ ಮೊದಲ ಕೆಲಸ ಕೊಪ್ಪಳದ ಒಂದು ಹತ್ತಿ ಗಿರಣಿಯಲ್ಲಿ. ಬೆಳಿಗ್ಗೆ ಭೋಂಗಾ ಕೂಗುವ ಹೊತ್ತಿಗೆ ಗೇಟಿನಲ್ಲಿ ನಿಂತು ಹಾಜರಿ ಹಚ್ಚುವುದು. ಒಳಗೆ ಒಂದೊಂದು ಯಂತ್ರಕ್ಕೆ ಒಬ್ಬ ಹೆಂಗಸು ಕೂತು ಹತ್ತಿ ಉಣಿಸುತ್ತಿದ್ದಳು. ಬೀಜ ಒಂದು ಕಡೆ, ಅರಳೆ ಒಂದು ಕಡೆ ಬೀಳುತ್ತಿತ್ತು.

ಆ ವರ್ಷ ಗಿರಣಿಯ ಮಾಲೀಕರಾದ ಸಾವುಕಾರರು ಆಗಿನ ಸರ್ಕಾರಿ ಭಾಷೆಯಾದ ಉರ್ದುವಿನಲ್ಲಿ ಒಂದು ಕಾಗದ ಬರೆಸಿದರು. ಈ ಹೆಂಗಸರು ಇನ್ನು ಮೇಲೆ ಗಿರಣಿಯ ಆಳುಗಳಲ್ಲ, ಸ್ವಂತ ಜವಾಬ್ದಾರಿಯ ಮೇಲೆ ಕೆಲಸ ಹಿಡಿದ ಗುತ್ತೇದಾರರು ಎಂದು ಅದರಲ್ಲಿತ್ತು. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನೇ.

"ಏನವ್ವಾ ಗುತ್ತೇದಾರ್ತಿ, ನಾಳಿ ಟಾಂಗಾದಾಗ ಬರ್ತೀಯೇನು?" ಎಂದು ಒಬ್ಬಳು ಪಕ್ಕದವಳನ್ನು ಕಾಡಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಅದೇ ಭೋಂಗಾ, ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮನ ಅದೇ ಬೈಗುಳ.

ಒಂದು ಬೆಳಿಗ್ಗೆ ಮೂಲೆಯ ಯಂತ್ರದ ಹೆಂಗಸಿನ ಬದಲಿಗೆ ಅವಳ ತಂಗಿ ಬಂದು ನಿಂತಳು.

"ಅಕ್ಕಗ ಜ್ವರ ಬಂದಾವ್ರಿ ಯಣ್ಣಾ. ಇವತ್ತೊಂದಿನ ನಾ ಕುಂದರ್ತೀನಿ."

"ನಡಿಯಂಗಿಲ್ಲವ್ವಾ. ಅಕೀನ ಬರಬೇಕು."

"ಅಕ್ಕಗೂ ಎರಡ ಕೈ, ನನಗೂ ಎರಡ ಕೈ. ಹತ್ತಿಗೇನ ಗುರ್ತ ಹತ್ತತೈತೇನ್ರಿ?"

ಹಿಂದಿದ್ದವರು ನಕ್ಕರು. ಸಾವುಕಾರರು ಹೇಳಿಕೊಟ್ಟದ್ದನ್ನೇ ನಾನು ಒಪ್ಪಿಸಿದೆ: "ಅಕಿ ಬರಲಿಲ್ಲಂದ್ರ ನಾಳಿಯಿಂದ ಬ್ಯಾರೇದವ್ರು ಕುಂದರ್ತಾರ."

ತಂಗಿ ಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಅಕ್ಕ ತಲೆಗೆ ಬಟ್ಟೆ ಬಿಗಿದುಕೊಂಡು, ಗೋಡೆ ಹಿಡಿದು ನಡೆಯುತ್ತ ಬಂದಳು. ನಾನು ಹಾಜರಿ ಹಚ್ಚಿದೆ.

ಮಧ್ಯಾಹ್ನ ಏನೋ ಕೇಳಲು ಒಳಗೆ ಹೋಗಿದ್ದೆ. ಅವಳ ಯಂತ್ರದ ಬಾಯಲ್ಲಿ ಹತ್ತಿ ಸಿಕ್ಕಿಕೊಂಡಿತ್ತು. "ನಿಲ್ಲಸಬ್ಯಾಡ, ಹಂಗ ಜಗ್ಗು!" ಎಂದು ಮುಕಾದಮ ಕೂಗಿದ. ಅವಳು ಕೈ ಹಾಕಿದಳು. ಅವಳು ಕಿರುಚಲಿಲ್ಲ, ಕಿರುಚಿದವನು ನಾನು. ಯಂತ್ರ ತಿರುಗಿಸುವ ಪಟ್ಟಾ ಕಳಚಲು ಓಡಿದೆ. ತಿರುಗುತ್ತಿದ್ದ ಪಟ್ಟಾ ನನ್ನ ಅಂಗಿಯ ತೋಳನ್ನು ಹರಿದುಕೊಂಡು ಹೋಯಿತು. ನನ್ನ ಕೈಗೂ ಅದಕ್ಕೂ ಎರಡು ಬೆರಳಿನಷ್ಟು ಅಂತರ. ಇಂದಿಗೂ ಅಂಗಿ ತೊಡುವಾಗ ಆ ಅಂತರವನ್ನು ಅಳೆಯುತ್ತೇನೆ. ಯಂತ್ರ ನಿಂತಾಗ ಅರಳೆ ಕೆಂಪಗಾಗಿತ್ತು.

ಅವಳ ಬಲಗೈ ಮುಂಗೈವರೆಗೆ ಹೋಯಿತು. ಗಿರಣಿಯ ಆಳಿಗೆ ಹೀಗಾದರೆ ಪರಿಹಾರ ಕೊಡಬೇಕೆಂದು ಕಾಯ್ದೆಯಿತ್ತು, ಗುತ್ತೇದಾರರಿಗೆ ಇರಲಿಲ್ಲ. ಸಾವುಕಾರರು ಆ ಕಾಗದವನ್ನು ಹೊರತೆಗೆದರು. "ಅಕೀನ ಬರಬೇಕಂತ ನಾವೇನ ಹೇಳಿದ್ವಾ? ಗುತ್ತೇದಾರ್ತಿ ಅಕಿ. ಯಾರನ್ನರ ಕಳಸಬೇಕಿತ್ತು."

ಯಾರನ್ನಾದರೂ. ಬದಲಿಗೆ ಯಾರನ್ನೂ ಬಿಡಬೇಡ ಎಂದು ನನಗೆ ಹೇಳಿಕೊಟ್ಟವರೂ ಅವರೇ.

ವಿಚಾರಣೆಗೆ ಸರ್ಕಾರಿ ಸಾಹೇಬರೊಬ್ಬರು ಬಂದರು. ತಂಗಿ ಗೇಟಿನ ಸಂಗತಿ ಹೇಳಿದಳು. ಅಕ್ಕನ ಸಲುವಾಗಿ ಕಟ್ಟಿದ ಕಥೆಯಿದು ಎಂದು ಗಿರಣಿಯ ವಕೀಲರು ತಳ್ಳಿಹಾಕಿದರು. "ನೆನಪಿಲ್ಲ ಅಂದ್ರ ಸಾಕು" ಎಂದು ಸಾವುಕಾರರು ನನಗೆ ಮೊದಲೇ ಹೇಳಿದ್ದರು. ಸಾಹೇಬರು ನನ್ನತ್ತ ತಿರುಗಿದರು. ತಿರುಗಿ ಕಳಿಸಿದವನು ನಾನೇ, ಆಡಿದ ಮಾತು ಇಂಥದು, ಹಾಗೆ ಹೇಳಲು ನನಗೆ ಸಾವುಕಾರರ ಅಪ್ಪಣೆಯಿತ್ತು ಎಂದೆ. ತನ್ನ ಬದಲಿಗೆ ಇನ್ನೊಬ್ಬರನ್ನು ಕಳಿಸುವ ಹಕ್ಕಿಲ್ಲದವಳು ಎಂಥ ಗುತ್ತೇದಾರ್ತಿ ಎಂದು ಸಾಹೇಬರು ವಕೀಲರನ್ನು ಕೇಳಿದರು. ಕಾಗದದಲ್ಲಿ ಏನೇ ಇರಲಿ, ಇವಳು ಗಿರಣಿಯ ಆಳು, ಪರಿಹಾರ ಕೊಡತಕ್ಕದ್ದು ಎಂದು ಬರೆದರು.

ಹೊರಗೆ ಬೇವಿನ ಮರದ ಕೆಳಗೆ ಅಕ್ಕತಂಗಿಯರಿಬ್ಬರೂ ನಿಂತಿದ್ದರು.

"ತಮ್ಮಾ, ನಿನ್ನ ನೌಕರಿ ಹೋತೇನು?" ಎಂದು ಅಕ್ಕ ಕೇಳಿದಳು.

"ಹೋತವ್ವಾ." ಅಷ್ಟಕ್ಕೇ ಸುಮ್ಮನಾಗಲು ಆಗಲಿಲ್ಲ. "ಅವತ್ತ ನಾ ನಿನ್ನ ತಂಗೀನ ಒಳಗ ಬಿಟ್ಟಿದ್ರ..."

"ಬಿಟ್ಟಿದ್ರ ಅಕೀ ಕೈ ಹೋಗ್ತಿತ್ತು. ಅಕಿ ಲಗ್ನ ಇನ್ನೂ ಆಗಿಲ್ಲ," ಎನ್ನುತ್ತ ಅವಳು ಎಡಗೈಯಿಂದ ಸೆರಗು ಎಳೆದುಕೊಂಡಳು.

ನನ್ನ ಎದೆ ಒಂದಿಷ್ಟು ಹಗುರಾಗುವಷ್ಟರಲ್ಲಿ ತಂಗಿ ಮೊದಲ ಸಲ ನನ್ನ ಮುಖ ನೋಡಿದಳು.

"ನಾ ಕೈ ಹಾಕ್ತಿದ್ದಿಲ್ಲ. ನನಗೇನ ಜ್ವರ ಬಂದಿದ್ವೇನು?"

"ಸುಮ್ನಿರ," ಎಂದು ಅಕ್ಕ ಗದರಿದಳು. ಇಬ್ಬರೂ ಬಿಸಿಲಿಗಿಳಿದು ಹೋದರು. ತಂಗಿ ಅವಳ ಎಡಗೈ ಹಿಡಿದುಕೊಂಡಿದ್ದಳು.