ಹೆಸರು ಅಳಿಸುವ ಕೆಲಸ

ಬಿಪಿ ಪಟ್ಟಿ ಸುತ್ತುವಾಗ ನಮ್ಮ ಹಿರಿಯ ಸಿಸ್ಟರ್ ಕೆಳತುಟಿ ಕಚ್ಚಿ ಹಿಡಿಯುತ್ತಿದ್ದರು. ಮುಳ್ಳು ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ಶಿಗ್ಲಿಯಾಚೆಗಿನ ಸಣ್ಣ ಆರೋಗ್ಯ ಕೇಂದ್ರವೊಂದರಲ್ಲಿ ಅವರ ಕೈಕೆಳಗೆ ಆರು ವರ್ಷ ನರ್ಸ್ ಆಗಿದ್ದೆ. ಆರು ವರ್ಷವೂ ಹೊಟ್ಟೆಕಿಚ್ಚುಪಟ್ಟೆ.

ಹೆಂಗಸರು ನನ್ನ ಮೇಜು ದಾಟಿ ಅವರ ಮುಂದೆ ಹೋಗಿ ಕೂರುತ್ತಿದ್ದರು. ಗುಳಿಗೆ ತಪ್ಪಿಸಿದವರನ್ನು ಅವರು ಗದರುತ್ತಿರಲಿಲ್ಲ. "ಯಾಕ ತಗೊಳ್ಳಿಲ್ಲ ಯವ್ವಾ? ಖರೆ ಹೇಳು, ಖರೇನ ಬರೀತೀನಿ" ಎನ್ನುತ್ತಿದ್ದರು. ಹಾಗೇ ಬರೆಯುತ್ತಲೂ ಇದ್ದರು: 'ಶೇಂಗಾ ಕೀಳುವ ಕೆಲಸ, ಹದಿನೈದು ದಿನ ಗುಳಿಗೆ ಇಲ್ಲ.'

ಒಮ್ಮೆ ಗದಗಿನಿಂದ ಇಬ್ಬರು ಸಂಶೋಧಕರು ಬಂದರು. ಬಿಪಿ, ಸಕ್ಕರೆ ಕಾಯಿಲೆಯವರ ದಾಖಲೆಗಳನ್ನು ಹೆಸರು, ಊರು ತೆಗೆದು ಅಧ್ಯಯನಕ್ಕೆ ಬಳಸುವುದು ಅವರ ಉದ್ದೇಶ. ನನ್ನ ಅಕ್ಷರ ಮುತ್ತಿನಂಥದ್ದು. ನನ್ನ ರಿಜಿಸ್ಟರನ್ನೇ ಆರಿಸುತ್ತಾರೆಂದು ಕಾದೆ. ಒಬ್ಬರು ನಾಲ್ಕು ಹಾಳೆ ತಿರುವಿ, "ಇಷ್ಟು ಮಂದಿದೂ ಬಿಪಿ ಒಂದ ನಮೂನಿ ಹೆಂಗ ಇರತೈತ್ರಿ?" ಎಂದು ಮುಚ್ಚಿಟ್ಟರು. ಬಾರದ ರೋಗಿಗಳ ಅಂಕಿಯನ್ನೂ ನಾನು ಅಂದಾಜಿನಲ್ಲಿ ತುಂಬಿದ್ದೆ. ಸಿಸ್ಟರ್ ಅವರ ರಿಜಿಸ್ಟರು ಆಯ್ಕೆಯಾಯಿತು.

ಆ ಉರಿಯಲ್ಲಿ ಮರುದಿನ ನೀರಿನ ಟಾಕಿಯ ಹತ್ತಿರ ಹೆಂಗಸರಿಗೆ ಹೇಳಿದೆ: "ನಿಮ್ಮ ಹೆಸರು, ರೋಗ ಎಲ್ಲಾ ಪ್ಯಾಟಿಗೆ ಹೊಂಟಾವ."

ಎರಡೇ ದಿನದಲ್ಲಿ ಅವರೆಲ್ಲ ಆಸ್ಪತ್ರೆಗೆ ನುಗ್ಗಿದರು. "ಮಗಳ ಮದುವಿ ಮಾತು ನಡದೈತ್ರಿ. ಬೀಗರಿಗೆ ಗೊತ್ತಾದ್ರ?" ಎಂದು ಒಬ್ಬಾಕೆ ಅತ್ತಳು. ಸಿಸ್ಟರ್ ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದರು. ವಯಸ್ಸು, ರೋಗ, ಗುಳಿಗೆ ಇಷ್ಟೇ ಉಳಿಸಿದ ನಕಲು ಹಾಳೆಯೊಂದನ್ನು ಅಲ್ಲೇ ಬರೆದು, ಅತ್ತಾಕೆಯ ಮುಂದಿಟ್ಟು, "ಇದರಾಗ ನೀ ಎಲ್ಲಿ ಅದಿ, ಹುಡುಕು ನೋಡೂಣು. ಒಲ್ಲೆ ಅಂದ್ರ ಈಗ ಹರೀತೀನಿ" ಎಂದರು. ಆಕೆ ಬಹಳ ಹೊತ್ತು ನೋಡಿ, "ಇರ್ಲಿ ಬಿಡ್ರಿ" ಎಂದಳು. ಇನ್ನಿಬ್ಬರು ಒಲ್ಲೆವೆಂದರು, ಅವರ ನಕಲು ಹಾಳೆಗಳನ್ನು ಸಿಸ್ಟರ್ ಅವರೆದುರೇ ಹರಿದುಹಾಕಿದರು.

ಸುದ್ದಿ ಹಬ್ಬಿಸಿದ್ದು ಯಾರೆಂದು ಕೇಳಲಿಲ್ಲ. ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು, "ಉಳಿದ ನಕಲು ನೀನ ಮಾಡವಾ. ಒಂದು ಹೆಸರೂ ಹೊರಗ ಹೋಗಬಾರದು" ಎಂದರು. ಇಪ್ಪತ್ತು ದಿನ ಕೂತು ಮಾಡಿದೆ. ಒಂದೂ ಹೋಗಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿ, "ಅವತ್ತ ಆ ಸುದ್ದಿ ಹಬ್ಬಿಸಿದಾಕಿ ನಾನ ರೀ" ಎಂದೆ.

"ಗೊತ್ತಿತ್ತು. ಅದಕ್ಕ ಹೆಸರೆಲ್ಲಾ ನಿನ್ನ ಕೈಯಾಗ ಕೊಟ್ಟೆ" ಎಂದರು.

ನಾಲ್ಕು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಆ ಹೆಂಗಸರು ಎರಡು ಟ್ರ್ಯಾಕ್ಟರ್ ತುಂಬ ಬಂದಿದ್ದರು. ನಾನು ಸತ್ತರೆ ಇಷ್ಟು ಜನ ಅಳುತ್ತಾರೆಯೇ ಎಂದು ಅಲ್ಲಿಯೂ ಕಿಚ್ಚು ಹೊತ್ತಿತು. ಆಮೇಲೆ ನಾನೂ ಅತ್ತೆ.